ಪಾಲಿಕೆಯ ನಕ್ಷೆಯಲ್ಲಿ ನಿಮ್ಮ ಮಾತೂ ಸೇರಬೇಕಾದರೆ

ಮುಂಬಯಿಯ ನಮ್ಮ ಜನ ಸಂಘದ ಹಾಲ್ ಕಟ್ಟುವುದಕ್ಕೆ, ರಾತ್ರಿಶಾಲೆ ಉಳಿಸಿಕೊಳ್ಳುವುದಕ್ಕೆ ಎಷ್ಟು ಓಡಾಡುತ್ತಾರೆಂದು ನಾನು ಬಲ್ಲೆ. ಅದೇ ಜನ ಪಾಲಿಕೆಯ ಡೆವಲಪ್‌ಮೆಂಟ್ ಪ್ಲಾನ್, ಅಂದರೆ ಡಿಪಿಯ ವಿಷಯ ಬಂದರೆ ‘ಅದೆಲ್ಲ ಬಿಲ್ಡರುಗಳದ್ದು’ ಎಂದು ಸುಮ್ಮನಾಗುತ್ತಾರೆ. ನಿಮ್ಮ ಓಣಿಯ ಮೈದಾನ ಮೈದಾನವಾಗಿಯೇ ಉಳಿಯುತ್ತದೋ ಇಲ್ಲವೋ, ರಸ್ತೆ ಎಷ್ಟು ಅಗಲವಾಗುತ್ತದೆ, ಶಾಲೆಯ ಜಾಗದಲ್ಲಿ ಬೇರೇನು ಬರಬಹುದು ಎಂಬುದೆಲ್ಲ ಆ ಪ್ಲಾನಿನಲ್ಲೇ ನಿರ್ಧಾರವಾಗುವುದು. ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಗೋರೆಗಾಂವ್ ಸುತ್ತಮುತ್ತಲಿನವರಿಗೆ ‘ಹರಕತಿ-ಸೂಚನಾ’ ಅರ್ಜಿ, ಅಂದರೆ ಪ್ಲಾನಿನ ಬಗ್ಗೆ ಆಕ್ಷೇಪಣೆ-ಸಲಹೆಯ ಅರ್ಜಿ, ಬರೆದುಕೊಡುತ್ತಾ ಬಂದಿದ್ದೇನೆ. ನೀವೇ ಬರೆಯುವಂತಾಗಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಬರೆದರೆ ಏನಾಗುತ್ತದೆ ಎನ್ನುವವರಿಗೆ 2015ನ್ನು ನೆನಪಿಸುತ್ತೇನೆ. ಆ ಫೆಬ್ರವರಿಯಲ್ಲಿ ಬಂದ ಕರಡು ನಕ್ಷೆ ತಪ್ಪುಗಳ ಮೂಟೆಯಾಗಿತ್ತು. ಸುಮಾರು 65,000 ಆಕ್ಷೇಪಣೆಗಳು ಬಂದವು. ಏಪ್ರಿಲ್‌ನಲ್ಲಿ ಅದನ್ನು ಮತ್ತೆ ತಯಾರಿಸಿ ಎಂದು ಸರ್ಕಾರವೇ ಹೇಳಬೇಕಾಯಿತು. ತಿದ್ದಿದ ಕರಡು 2016ರ ಮೇನಲ್ಲಿ ಬಂತು. ಈಗಿರುವ ಡಿಪಿ 2034 ಜಾರಿಯಾದದ್ದು 2018ರ ಸೆಪ್ಟೆಂಬರ್ 1ರಂದು.

ಮುಂದಿನ ಪರಿಷ್ಕರಣೆ ಬರಲಿ, ಆಗ ನೋಡೋಣ ಎಂದು ಕೂರಬೇಡಿ. 1966ರ ಎಂಆರ್‌ಟಿಪಿ ಕಾಯ್ದೆಯಂತೆ (ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ) 20 ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು, ಸರಿ. ಆದರೆ ಅದೇ ಕಾಯ್ದೆಯ 37ನೇ ಕಲಮಿನಡಿ ನಡುನಡುವೆಯೇ ನಕ್ಷೆಯೂ ಬದಲಾಗುತ್ತದೆ, ಕಟ್ಟಡದ ನಿಯಮಗಳಾದ ಡಿಸಿಪಿಆರ್ ಕೂಡ ತಿದ್ದುಪಡಿಯಾಗುತ್ತದೆ. ಅದಕ್ಕೆ ರಾಜಪತ್ರದಲ್ಲಿ ನೋಟಿಸ್ ಹೊರಡುತ್ತದೆ. ಆಕ್ಷೇಪಣೆಗೆ ಒಂದು ತಿಂಗಳಿಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಸೊಸೈಟಿಯಲ್ಲಿ ಒಬ್ಬರಿಗಾದರೂ ಪತ್ರಿಕೆಯ ಜಾಹೀರು ಸೂಚನೆ ಮತ್ತು ಪಾಲಿಕೆಯ ಜಾಲತಾಣ ನೋಡುವ ಕೆಲಸ ಒಪ್ಪಿಸಿ. ಕಾಲೇಜಿಗೆ ಹೋಗುವ ಹುಡುಗಿಯರು ಇದನ್ನು ತುಂಬ ಅಚ್ಚುಕಟ್ಟಾಗಿ ಮಾಡುತ್ತಾರೆ.

ಮೊದಲು ಬೇಕಾದ್ದು ಜಾಗದ ಸಂಖ್ಯೆ. ‘ದೇವಸ್ಥಾನದ ಹಿಂದಿನ ಮೈದಾನ’ ಎಂದು ಬರೆದರೆ ಪಾಲಿಕೆಯವರ ಮೇಜಿನ ಮೇಲೆ ಅದಕ್ಕೆ ಬೆಲೆಯಿಲ್ಲ. ಉಪನಗರದವರು ಸಿಟಿಎಸ್ (ಸಿಟಿ ಸರ್ವೆ) ಸಂಖ್ಯೆಯ ಜೊತೆ ಗ್ರಾಮದ ಹೆಸರನ್ನೂ ಕೊಡಬೇಕು, ಉದಾಹರಣೆಗೆ ಪಹಾಡಿ ಗೋರೆಗಾಂವ್. ಮಾಟುಂಗಾ, ಮಾಹಿಮ್ ಕಡೆಯವರಿಗೆ ಸಿಎಸ್ (ಕ್ಯಾಡಸ್ಟ್ರಲ್ ಸರ್ವೆ) ಸಂಖ್ಯೆ ಮತ್ತು ಡಿವಿಜನ್. ಗ್ರಾಮದ ಹೆಸರು ಬಿಟ್ಟರೆ ಯಾವ ಜಾಗವೆಂದು ತಿಳಿಯುವುದಿಲ್ಲ, ಅದೇ ಸಂಖ್ಯೆ ಇನ್ನೊಂದು ಗ್ರಾಮದಲ್ಲೂ ಇರುತ್ತದೆ. ಜಾಗದ ಸರ್ಕಾರಿ ದಾಖಲೆಯಾದ ಪ್ರಾಪರ್ಟಿ ಕಾರ್ಡಿನಲ್ಲಿ ಇದೆಲ್ಲ ಸಿಗುತ್ತದೆ.

ಆಮೇಲೆ ನಕ್ಷೆಯ ಹಾಳೆ. ಬಣ್ಣ ನೋಡಿ ಊಹಿಸದೆ ಮೂಲೆಯಲ್ಲಿರುವ ಸಂಕೇತಗಳ ಪಟ್ಟಿ ಓದಿ. ಡಿಒಎಸ್ ಎಂದಿದ್ದರೆ ಈಗಾಗಲೇ ಇರುವ ಬಯಲು ಜಾಗ. ಆರ್‌ಒಎಸ್ ಎಂದಿದ್ದರೆ ಮುಂದೆ ಆಗಬೇಕಾದದ್ದು, ಅಂದರೆ ಮೀಸಲು. ಈ ಒಂದಕ್ಷರದ ವ್ಯತ್ಯಾಸವನ್ನು ಯಾರಿಗೇ ಆಗಲಿ ನಾನು ಎರಡು ಸಲ ಹೇಳುತ್ತೇನೆ. ನಕ್ಷೆಯಲ್ಲಿ ಹಸಿರು ಬಳಿದ ಕೂಡಲೇ ಉದ್ಯಾನ ಬರುವುದಿಲ್ಲ. ಪ್ಲಾನ್ ಜಾರಿಯಾದ 10 ವರ್ಷದೊಳಗೆ ಪಾಲಿಕೆ ಹಾಗೆ ಮೀಸಲಿಟ್ಟ ಖಾಸಗಿ ಜಾಗ ವಶಪಡಿಸಿಕೊಳ್ಳದಿದ್ದರೆ, 127ನೇ ಕಲಮಿನಡಿ ಮಾಲೀಕ ನೋಟಿಸ್ ಕೊಡಬಹುದು. ಅದಾಗಿ 24 ತಿಂಗಳಲ್ಲೂ ಏನೂ ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. 2018ಕ್ಕೆ 10 ಸೇರಿಸಿ ನೋಡಿ, 2028 ಏನು ದೂರವಿಲ್ಲ. ನಿಮ್ಮ ಪಕ್ಕದಲ್ಲಿ ಅಂಥ ಮೀಸಲು ಜಾಗವಿದ್ದರೆ ವಶಪಡಿಸಿಕೊಳ್ಳಿ ಎಂದು ಪಾಲಿಕೆಗೆ ಈಗಲೇ ಬರೆಯಿರಿ.

ಇನ್ನು ಅರ್ಜಿ. ಮರಾಠಿಯಲ್ಲಿ ಬರೆಯಿರಿ, ಬಾರದಿದ್ದರೆ ಇಂಗ್ಲಿಷಿನಲ್ಲಿ. ಒಂದು ಅರ್ಜಿಗೆ ಒಂದೇ ಬೇಡಿಕೆ. ನೀರು, ಗಟಾರ, ಫೇರಿವಾಲಾ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದು ದೂರಾಗುತ್ತದೆಯೇ ಹೊರತು ಆಕ್ಷೇಪಣೆಯಾಗುವುದಿಲ್ಲ. ಶಾಲೆಯ ಜಾಗದ ಬಗ್ಗೆಯಾದರೆ ನಾನು ಹೀಗೆ ಬರೆಸುತ್ತೇನೆ: ‘ಪಿ ದಕ್ಷಿಣ ವಾರ್ಡ್, ಇಂಥ ಗ್ರಾಮ, ಇಂಥ ಸಿಟಿಎಸ್ ಸಂಖ್ಯೆಯ ಜಾಗ ಈಗಿನ ನಕ್ಷೆಯಲ್ಲಿ ಪಾಲಿಕೆ ಶಾಲೆ ಎಂದಿದೆ. ಪ್ರಸ್ತಾವಿತ ಬದಲಾವಣೆಯಿಂದ ಮಕ್ಕಳ ಆಟದ ಅಂಗಳ ಹೋಗುತ್ತದೆ. ಹತ್ತಿರದಲ್ಲಿ ಬೇರೆ ಮೈದಾನವಿಲ್ಲ. ಮೊದಲಿನ ನಮೂದನ್ನೇ ಉಳಿಸಬೇಕು. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕು.’ ಜೊತೆಗೆ ಹಾಳೆಯ ಆ ಭಾಗದ ಜೆರಾಕ್ಸ್ ಇಟ್ಟು, ಜಾಗದ ಸುತ್ತ ಕೆಂಪು ಗೆರೆ ಎಳೆಯಿರಿ. ಗೇಟಿನ ಹತ್ತಿರ ನಿಂತು ತೆಗೆದ ಎರಡು ಫೋಟೊ ಸಾಕು.

ಕನ್ನಡ ಮಾಧ್ಯಮದಲ್ಲಿ ಮಕ್ಕಳು ಕಡಿಮೆಯಾದರು ಎಂದಾಕ್ಷಣ ಜಾಗವನ್ನು ಬೇರೆಯದಕ್ಕೆ ಕೊಡಿ ಎನ್ನುವ ಮಾತು ಏಳುತ್ತದೆ. ಕನ್ನಡದ ತರಗತಿ ಖಾಲಿಯಾದರೂ ಅದೇ ಅಂಗಳದಲ್ಲಿ ಹಿಂದಿಯ, ಉರ್ದುವಿನ ಮಕ್ಕಳು ಓದುತ್ತಿರುತ್ತಾರೆ. ಜಾಗ ಶಾಲೆಯದ್ದಾಗಿಯೇ ಉಳಿಯಬೇಕು. ಇದಕ್ಕೆ ನಾನು ಜಗಳಕ್ಕೂ ಸಿದ್ಧ.

ಒಂದೇ ಒಕ್ಕಣೆಯ ಕಾಗದಕ್ಕೆ ಇನ್ನೂರು ಜನರ ಸಹಿ ಹಾಕಿಸುವುದಕ್ಕಿಂತ, ಹತ್ತು ಮನೆಯವರು ತಮಗೆ ಆಗುವ ತೊಂದರೆಯನ್ನು ತಮ್ಮದೇ ಮಾತಿನಲ್ಲಿ ಬರೆಯುವುದು ಮೇಲು. ಆವಕ್ ಖಿಡಕಿಯಲ್ಲಿ, ಅಂದರೆ ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ, ಎರಡನೇ ಪ್ರತಿಗೆ ಠಸ್ಸೆ, ತಾರೀಖು, ಸಂಖ್ಯೆ ಹಾಕಿಸಿಕೊಳ್ಳದೆ ವಾಪಸು ಬರಬೇಡಿ.

ಪೂರ್ತಿ ಪ್ಲಾನಿನ ಪರಿಷ್ಕರಣೆಯಾದರೆ ವಿಚಾರಣೆ ನಡೆಸುವುದು ಯೋಜನಾ ಸಮಿತಿ. ಸ್ಥಾಯಿ ಸಮಿತಿಯ ಮೂವರು, ಸರ್ಕಾರ ನೇಮಿಸಿದ ಗರಿಷ್ಠ ನಾಲ್ವರು ತಜ್ಞರು. ನಿಮಗೆ ಸಿಗುವುದು ಕೆಲವೇ ನಿಮಿಷ. ‘ಸಿಟಿಎಸ್ ಸಂಖ್ಯೆ ಇಷ್ಟು, ಬೇಕಾದದ್ದು ಇದು’ ಎಂದು ಶುರುಮಾಡಿ, ಕೆಂಪು ಗೆರೆಯ ಹಾಳೆಯನ್ನು ಅವರ ಮುಂದಿಡಿ. ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುವವರು ರಜೆ ಸಿಗದೆ ತಪ್ಪಿಸಿಕೊಳ್ಳುತ್ತಾರೆ. ಅಂಥವರು ಸಹಿ ಮಾಡಿದ ಅಧಿಕಾರಪತ್ರ ಕೊಟ್ಟು ನೆರೆಯವರನ್ನು ಕಳಿಸಬಹುದು.

ಮಂಜೂರಾದ ನಕ್ಷೆ ಬಂದ ದಿನ ಕರಡಿನ ಹಾಳೆಯನ್ನೂ ಅದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸರ್ಕಾರ ದೊಡ್ಡ ಬದಲಾವಣೆ ಮಾಡಿದ್ದರೆ ಆ ಭಾಗಗಳನ್ನು ‘ಇಪಿ’ (ಎಕ್ಸ್‌ಕ್ಲೂಡೆಡ್ ಪಾರ್ಟ್, ಮಂಜೂರಾತಿಯಿಂದ ಹೊರಗಿಟ್ಟ ಭಾಗ) ಎಂದು ಬೇರೆಯಾಗಿ ಪ್ರಕಟಿಸಿ ಮತ್ತೆ ಆಕ್ಷೇಪಣೆ ಕರೆಯಬೇಕಾಗುತ್ತದೆ. ನಿಮ್ಮ ಸಂಖ್ಯೆ ಆ ಪಟ್ಟಿಯಲ್ಲಿದ್ದರೆ ಹಳೆಯ ಅರ್ಜಿಯ ಠಸ್ಸೆ ಹಾಕಿದ ಪ್ರತಿಯನ್ನು ಲಗತ್ತಿಸಿ ಹೊಸದೊಂದು ಅರ್ಜಿ ಹಾಕಿ.