ಅಡಿಕೆ ಅಂಗಳಕ್ಕೆ ಬಂದ ಚಿತ್ರದ ಹುಲಿಮರಿ

ಕೈಯಲ್ಲಿ ಬಿಡಿಸಿದ ಪ್ರಾಣಿ ನಿಜವಾದ ಅಂಗಳದಲ್ಲಿ ಓಡಾಡುತ್ತಿದೆ ಎಂದು ನೋಡುವವರು ನಂಬಬೇಕಾದರೆ, ಚಿತ್ರ ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ ಅಂಗಳ ಅದಕ್ಕೆ ಹೇಗೆ ಓಗೊಡುತ್ತದೆ ಎಂಬುದು ದೊಡ್ಡದು. ಉಡುಪಿಯ ಹುಲಿವೇಷವನ್ನು ಇಟ್ಟುಕೊಂಡು ನಾನು ಮಾಡಿದ ಕಿರುಚಿತ್ರ ನಿಂತಿರುವುದೇ ಈ ನಂಬಿಕೆಯ ಮೇಲೆ. ಕೃಷ್ಣಾಷ್ಟಮಿಯ ಮರುದಿನ ನಡೆಯುವ ವಿಟ್ಲಪಿಂಡಿಯ ದಿನ ಕೃಷ್ಣಮಠದ ರಥಬೀದಿಯಲ್ಲಿ ಹುಲಿವೇಷ ನೋಡಿದ ಹುಡುಗನ ಬೆನ್ನು ಹಿಡಿದು ಹುಲಿಮರಿಯೊಂದು ಮನೆಗೆ ಬರುತ್ತದೆ, ಅಷ್ಟೇ ಕಥೆ. ಬೀದಿ, ಹುಡುಗ, ಹಂಚಿನ ಮನೆ ಎಲ್ಲವೂ ಕ್ಯಾಮೆರಾದ್ದು. ಮರಿ ಮಾತ್ರ ಕ್ರಿಟಾ ತಂತ್ರಾಂಶದಲ್ಲಿ ಬಿಡಿಸಿದ್ದು.

ನಾನು ಹೆಚ್ಚು ತಲೆ ಓಡಿಸಿದ್ದು ಅಂಗಳದ ಓಟಕ್ಕೆ. ಜನವರಿಯ ಬಿಸಿಲು, ಒಣಗಿಸಿ ಚಾಲಿ ಮಾಡಲೆಂದು ಅಂಗಳದ ತುಂಬ ಹರವಿದ ಅಡಿಕೆ. ಮರಿ ಅದರ ನಡುವೆ ನುಗ್ಗಬೇಕು, ಅಡಿಕೆ ಚೆದುರಬೇಕು. ಅಡಿಕೆಯನ್ನೂ ಕಂಪ್ಯೂಟರಿನಲ್ಲೇ ಉರುಳಿಸಬಹುದಿತ್ತು, ಆದರೆ ನನಗೆ ಮನಸ್ಸು ಬರಲಿಲ್ಲ. ಸುಲಿದ ತೆಂಗಿನಕಾಯಿಯೊಂದಕ್ಕೆ ಗಾಳದ ನೈಲಾನ್ ದಾರ ಬಿಗಿದು, ಆಚೆ ತುದಿಯಿಂದ ಗೆಳೆಯನ ಕೈಯಲ್ಲಿ ಜೋರಾಗಿ ಎಳೆಯಿಸಿದೆ. ಕಾಯಿ ಕುಪ್ಪಳಿಸುತ್ತ ಬಂತು. ಅಡಿಕೆ ಎರಡೂ ಬದಿಗೆ ಸಿಡಿಯಿತು, ಒಂದೆರಡು ಉರುಳಿಕೊಂಡು ಹೋಗಿ ಜಗಲಿಯ ಮೆಟ್ಟಿಲಿಗೆ ಬಡಿದು ನಿಂತವು. ಆಮೇಲೆ ಆ ಕಾಯಿಯ ಮೇಲೆಯೇ ಮರಿಯನ್ನು ಬಿಡಿಸುತ್ತ ಹೋದೆ. ಅದರ ಹೊಟ್ಟೆ ಕಾಯಿಯನ್ನು ಮುಚ್ಚಿತು. ಕಾಯಿ ಹಾರಿದಲ್ಲಿ ಮರಿಯ ಜಿಗಿತ, ಅಡಿಕೆ ಸಿಡಿದ ಫ್ರೇಮಿನಲ್ಲೇ ಅದರ ಹೆಜ್ಜೆ. ಮರಿ ಯಾವ ಲಯದಲ್ಲಿ ಓಡಬೇಕು ಎಂಬುದನ್ನು ಅಡಿಕೆಯೇ ನನಗೆ ಹೇಳಿಕೊಟ್ಟಿತು.

ಹುಡುಗನ ಕಣ್ಣು ಇನ್ನೊಂದು ಸವಾಲು. ಇಲ್ಲದ ಮರಿಯನ್ನು ನೋಡು ಎಂದರೆ ಮಕ್ಕಳು ನೆಲವನ್ನು ನೋಡುತ್ತಾರೆ, ನೋಟ ಎಲ್ಲೂ ನೆಡುವುದಿಲ್ಲ. ಹಾಗಾಗಿ ಮರಿಯಷ್ಟೇ ದೊಡ್ಡ ಬಟ್ಟೆಯ ಗೊಂಬೆ ಹೊಲಿಸಿದೆ. ಮೊದಲು ಗೊಂಬೆಯೊಡನೆ ಅಭ್ಯಾಸ. ಕ್ಯಾಮೆರಾದ ಫೋಕಸ್ ಗುರುತಿಸಿಕೊಂಡದ್ದೂ ಆಗಲೇ. ನಂತರ ಗೊಂಬೆ ತೆಗೆದು ಅದೇ ದೃಶ್ಯ. ಕೊನೆಗೆ ಹುಡುಗನೂ ಇಲ್ಲದ ಖಾಲಿ ಅಂಗಳದ ಒಂದು ಶಾಟ್. ದಾರ ಅಳಿಸಲು ಅದೇ ಬೇಕು. ಬೆಳಕಿನ ಅಳತೆ, ಬಣ್ಣದ ಅಳತೆ ಯಾವುದನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಲಾಕ್ ಮಾಡಿರಬೇಕು.

ಸೆಕೆಂಡಿಗೆ 24 ಫ್ರೇಮ್. ಬರಿಯ ಆನಿಮೇಷನ್ನಿನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿಟ್ಟು 12 ಚಿತ್ರಗಳಲ್ಲಿ ಮುಗಿಸುವುದು ರೂಢಿ, ಕಣ್ಣಿಗೂ ಹಿತ. ಕ್ಯಾಮೆರಾ ಅಲುಗಿತೋ, ಆ ಲೆಕ್ಕ ನಡೆಯದು. ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತದೆ, ಚಿತ್ರ ಮಾತ್ರ ಎರಡೆರಡಕ್ಕೊಮ್ಮೆ. ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಕ್ಯಾಮೆರಾ ತಿರುಗುವ ಶಾಟ್‌ಗಳಲ್ಲಿ 24ಕ್ಕೆ 24 ಚಿತ್ರವನ್ನೂ ಬಿಡಿಸಿದೆ. ಕೈ ಸೋಲುತ್ತದೆ, ಆದರೂ ಇಲ್ಲಿ ಉಳಿತಾಯ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾಮೆರಾ ಅಲುಗಿದಂತೆ ಮರಿಯೂ ನೆಲಕ್ಕೆ ಅಂಟಿಕೊಂಡೇ ಇರಲೆಂದು, ಕ್ಯಾಮೆರಾದ ಚಲನೆಯನ್ನು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಲೆಕ್ಕ ಹಾಕಿಸಿದೆ. ಅದಕ್ಕೆ ದೃಶ್ಯದಲ್ಲಿ ಅಲುಗದೆ ಇರುವ ಕನಿಷ್ಠ 8 ಗುರುತುಗಳು ಬೇಕು. ಅಂಗಳದಲ್ಲಿ ಅಡಿಕೆಯೇ ಬೇಕಾದಷ್ಟು ಗುರುತು ಕೊಟ್ಟಿತು. ಸಿಡಿದವನ್ನು ಬಿಟ್ಟು ಅಲುಗದವನ್ನು ಆರಿಸಿಕೊಂಡರಾಯಿತು.

ರಥಬೀದಿಯ ಕಥೆಯೇ ಬೇರೆ. ಅಲ್ಲಿ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ಹುಲಿಗಳಿಗೆ ‘ಇನ್ನೊಮ್ಮೆ ಮಾಡಿ’ ಎನ್ನಲಾದೀತೇ? ಸಿಕ್ಕಿದ್ದನ್ನು ತೆಗೆದುಕೊಂಡೆ. ಮರಿ ಆ ಕಾಲುಗಳ ಸಂದಿಯಲ್ಲಿ ನುಸುಳಬೇಕಾದ್ದರಿಂದ, ಮುಂದಿನ ಕಾಲುಗಳ ಅಂಚನ್ನು ಫ್ರೇಮ್ ಫ್ರೇಮಿಗೂ ಕೈಯಲ್ಲೇ ಬಿಡಿಸಿ ಬೇರ್ಪಡಿಸಬೇಕಾಯಿತು. ಇದಕ್ಕೆ ರೋಟೋಸ್ಕೋಪ್ ಎನ್ನುತ್ತಾರೆ; ತೆಗೆದ ಫಿಲ್ಮಿನ ಮೇಲೆ ಗೆರೆ ಎಳೆಯುವ ಆ ಯಂತ್ರಕ್ಕೆ ಅಮೆರಿಕದ ಮ್ಯಾಕ್ಸ್ ಫ್ಲೈಶರ್ 1917ರಲ್ಲೇ ಪೇಟೆಂಟ್ ಪಡೆದಿದ್ದ. ಬಣ್ಣ ಬಳಿದ ಕಾಲಿನ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಕಾಲಿನ ಗೆಜ್ಜೆ ಮಾತ್ರ ಪ್ರಾಣ ತಿನ್ನುತ್ತದೆ.

ರಥಬೀದಿಯಲ್ಲಿ ಅಂದು ಮೋಡ ಕವಿದಿತ್ತು, ಅಂಗಳದಲ್ಲೋ ಸುಡುಬಿಸಿಲು. ಒಂದೇ ಮರಿಗೆ ಬಳಸುವ ಬಣ್ಣಗಳ ಎರಡು ಬೇರೆ ಬೇರೆ ಪಟ್ಟಿ ಮಾಡಿಕೊಂಡೆ. ಬೀದಿಯ ಮರಿಗೆ ಪಾದದಡಿ ಮಸುಕು ನೆರಳಷ್ಟೇ, ಹಳದಿಯೂ ತುಸು ಮಂಕು. ಅಂಗಳದ ಮರಿಗೆ ಬೆನ್ನ ಮೇಲೆ ಬೆಳಕು, ಹೊಟ್ಟೆಗೆ ನೆಲದಿಂದ ಮರಳಿದ ಕೆಂಪು ಛಾಯೆ, ಅಡಿಕೆಯ ಉಬ್ಬುತಗ್ಗಿಗೆ ತಕ್ಕಂತೆ ಮುರಿಯುವ ಗಡುಸು ನೆರಳು. ಎರಡರಲ್ಲೂ ಪಟ್ಟೆಗೆ ಅಚ್ಚ ಕಪ್ಪು ಬಳಸಲಿಲ್ಲ. ದೃಶ್ಯದಲ್ಲಿರುವ ಅತಿ ಗಾಢ ಬಣ್ಣಕ್ಕಿಂತ ಚಿತ್ರದ ಗೆರೆ ಕಪ್ಪಾದರೆ ಅದು ಮೇಲೆ ಅಂಟಿಸಿದಂತೆ ಕಾಣುತ್ತದೆ. ಹುಲಿವೇಷದವರ ಮೈಮೇಲಿನ ಪಟ್ಟೆಯ ಬಣ್ಣವನ್ನೇ ಫ್ರೇಮಿನಿಂದ ಎತ್ತಿಕೊಂಡೆ.

ಚಾವಡಿಯ ಕಾವಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅಲ್ಲಿ ನೆರಳು ಸಾಲದು, ಮರಿಯ ಪ್ರತಿಬಿಂಬವೂ ಬೇಕು. ಚಿತ್ರವನ್ನು ಮೇಲೆಕೆಳಗೆ ಮಾಡಿಟ್ಟರೆ ಮುಗಿಯುವುದಿಲ್ಲ. ಮೇಲಿನಿಂದ ಕಾಣದ ಗಲ್ಲದ ಅಡಿ, ಹೊಟ್ಟೆಯ ಬಿಳುಪು ಪ್ರತಿಬಿಂಬದಲ್ಲಿ ಕಾಣುತ್ತವೆ. ಅದನ್ನು ಬೇರೆಯಾಗಿಯೇ ಬಿಡಿಸಿ, ಕಾವಿಯ ಕೆಂಪು ಬೆರೆಸಿ, ಪಾದದಿಂದ ದೂರ ಹೋದಂತೆ ಮಸುಕಾಗಿಸಿದೆ. ನೆಲ ಸವೆದು ಹೊಳಪು ಹೋದ ಬಾಗಿಲ ಬಳಿ ಪ್ರತಿಬಿಂಬವನ್ನು ಪೂರ್ತಿ ಅಳಿಸಿದೆ.