ಸುಮೋಗೆ ಡೈನಮೋ ಹುಡುಕಿದ್ದು

ಖಂಬಾಟಕಿ ಸುರಂಗದೊಳಗೆ ನಮ್ಮ ಸುಮೋದ ಹೆಡ್‌ಲೈಟ್ ಹಳದಿಯಾಯಿತು. ಧಾರವಾಡದಿಂದ ಪುಣೆಗೆ ವಾಪಸ್ ಬರುತ್ತಿದ್ದೆವು. ರಾತ್ರಿ ಹತ್ತೂವರೆ ಆಗಿರಬೇಕು. ಸುರಂಗದ ದೀಪದ ಬೆಳಕಿಗೆ ಹಾಗೆ ಕಾಣುತ್ತಿದೆ ಅಂದುಕೊಂಡೆ. ಹೊರಗೆ ಬಂದ ಮೇಲೂ ರಸ್ತೆ ಕಾಣಲಿಲ್ಲ. ಹಾರ್ನ್ ಒತ್ತಿದರೆ ಬೆಕ್ಕಿನ ಮರಿ ದನಿ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಡವಲ್ಲ, ಹಾಗಾಗಿ ಗಾಡಿ ಮಾತ್ರ ಓಡುತ್ತಲೇ ಇತ್ತು. ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡು ಹೇಗೋ ಶಿರವಳದ ಹತ್ತಿರ ಒಂದು ಧಾಬಾ ಸೇರಿದೆವು.

ಟಾರ್ಚ್ ಹಿಡಿದು ಮೊದಲು ನೋಡಿದ್ದು ಬೆಲ್ಟ್. ಅದಕ್ಕೆ ಕಾರಣ ಇದೆ. ಈ ಗಾಡಿಯಲ್ಲಿ ಬೆಲ್ಟ್ ಹರಿದರೆ ಬರೀ ಚಾರ್ಜಿಂಗ್ ಹೋಗುವುದಲ್ಲ, ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಬೆಲ್ಟ್ ಸರಿಯಾಗೇ ಇತ್ತು. ಬಾನೆಟ್ ಒಳಗಿಂದ ತಾಮ್ರದ ತಂತಿಗೆ ಬಳಿದ ವಾರ್ನಿಶ್ ಸುಟ್ಟ ವಾಸನೆ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಯಾಕೆ ಹತ್ತಲಿಲ್ಲ ಅಂತ ಹೆಂಡತಿ ಕೇಳಿದಳು. ಒಳ್ಳೆ ಪ್ರಶ್ನೆ. ಆ ಬಲ್ಬು ಎಂದೋ ಹೋಗಿತ್ತು, ನಾನು ಗಮನಿಸಿರಲೇ ಇಲ್ಲ.

ಬೆಳಕು ಹರಿದ ಮೇಲೆ ಧಾಬಾದ ಹುಡುಗರು ನೂಕಿ ಸ್ಟಾರ್ಟ್ ಮಾಡಿಕೊಟ್ಟರು. ಎಸಿ, ಫ್ಯಾನು, ರೇಡಿಯೋ ಎಲ್ಲ ಬಂದ್ ಮಾಡಿಕೊಂಡು ಚಿಂಚವಾಡದ ಮನೆ ತಲುಪಿದೆವು. ಮಲ್ಟಿಮೀಟರ್ ಹಿಡಿದರೆ ಎಂಜಿನ್ ಓಡುವಾಗಲೂ ಬ್ಯಾಟರಿಯಲ್ಲಿ 11.8 ವೋಲ್ಟ್. ಆಲ್ಟರ್ನೇಟರ್, ಅಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ, ಕೆಲಸ ಮಾಡುತ್ತಿದ್ದರೆ 13.8ರಿಂದ 14.4ರ ನಡುವೆ ಇರಬೇಕಿತ್ತು.

ನಮ್ಮ ಗಾಡಿ 1999ರದು. ಸುಮೋ ಬಂದದ್ದು 1994ರಲ್ಲಿ, ಪುಣೆಯ ಟಾಟಾ ಕಾರ್ಖಾನೆಯದೇ ಕೂಸು. ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮೊದಲ ಅಕ್ಷರಗಳಿಂದ ಆ ಹೆಸರು ಅಂತ ಇಲ್ಲಿ ರಿಕ್ಷಾದವರೂ ಹೇಳುತ್ತಾರೆ. ಆಮೇಲೆ 2004ರಲ್ಲಿ ವಿಕ್ಟಾ, 2008ರಲ್ಲಿ ಗ್ರ್ಯಾಂಡೆ, ಮುಂದೆ ಗೋಲ್ಡ್ ಅಂತ ಬಂದವು. ಎಂಜಿನ್ ಬದಲಾಯಿತು, ಟರ್ಬೋ ಬಂತು, ಕಾಮನ್ ರೇಲ್ ಬಂತು. ಹೆಸರು ಮಾತ್ರ ಸುಮೋ. ನಾನು ಎಡವಿದ್ದೂ ಇಲ್ಲೇ.

ಮನೆ ಹತ್ತಿರದ ಸ್ಪೇರ್ಸ್ ಅಂಗಡಿಗೆ ಹೋಗಿ "ಸುಮೋದ ಡೈನಮೋ ಕೊಡಿ" ಅಂದೆ. ಆಲ್ಟರ್ನೇಟರ್ ಅಂತ ಇಲ್ಲಿ ಯಾವ ಮಿಸ್ತ್ರಿಯೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಡೈನಮೋ. ಡಬ್ಬಿ ಬಂತು, ದುಡ್ಡು ಕೊಟ್ಟೆ, ಮನೆಗೆ ತಂದೆ. ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟಾಗ ಗೊತ್ತಾಯಿತು, ಹೊಸದಕ್ಕೆ ಬೆನ್ನೇ ಇಲ್ಲ. ನಮ್ಮ ಹಳೆಯದರ ಹಿಂಭಾಗದಲ್ಲಿ ಒಂದು ಸಣ್ಣ ಡಬ್ಬಿಯಂಥದ್ದು ಇದೆ. ಅದೇ ವ್ಯಾಕ್ಯೂಮ್ ಪಂಪ್.

ಪೆಟ್ರೋಲ್ ಗಾಡಿಗೆ ಇದು ಬೇಕಿಲ್ಲ. ಅದರ ಎಂಜಿನ್ನೇ ಗಾಳಿ ಎಳೆದುಕೊಳ್ಳುವಾಗ ನಿರ್ವಾತ ಹುಟ್ಟಿಸುತ್ತದೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕಿನ ಬೂಸ್ಟರ್ ಅದರ ಮೇಲೆ ನಡೆಯುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯ ದಾರಿ ತಡೆಯುವ ಥ್ರಾಟಲ್ ಇಲ್ಲದ ಕಾರಣ ಹಾಗೆ ಸಿಗುವುದಿಲ್ಲ, ಬೇರೆ ಪಂಪ್ ಬೇಕು. ನಮ್ಮ ಹಳೇ ಡೀಸೆಲ್ ಗಾಡಿಗಳಲ್ಲಿ ಅದನ್ನು ಆಲ್ಟರ್ನೇಟರ್ ಬೆನ್ನಿಗೇ ಕಟ್ಟಿಬಿಡುತ್ತಿದ್ದರು, ಶಾಫ್ಟ್ ಒಂದೇ. ಎಂಜಿನ್ನಿಂದ ಸಣ್ಣ ಪೈಪಿನಲ್ಲಿ ಆಯಿಲ್ ಬರುತ್ತದೆ, ಕೆಲಸ ಮುಗಿಸಿ ದಪ್ಪ ಹೋಸ್‌ನಲ್ಲಿ ವಾಪಸ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಮೂರನೇ ಪೈಪ್ ಬ್ರೇಕ್ ಬೂಸ್ಟರ್‌ಗೆ ಹೋಗುತ್ತದೆ.

ಅಂಗಡಿಗೆ ವಾಪಸ್ ಹೋಗಿ ತೋರಿಸಿದೆ. ಕೌಂಟರ್‌ನವನು ತಲೆ ಕೂಡ ಎತ್ತಲಿಲ್ಲ. "ಆ ಪೈಪ್‌ಗೆ ಬೋಲ್ಟ್ ಹಾಕಿ ಬಂದ್ ಮಾಡಿ, ಗಾಡಿ ನಡೀತದೆ" ಅಂದ. ನಡೆಯುತ್ತದೆ, ನಿಲ್ಲುವುದು ಹೇಗೆ? ಎಂಟು ಜನ ಕೂರುವ ಗಾಡಿ, ಕಾತ್ರಜ್ ಘಾಟ್ ಇಳಿಯುವಾಗ ಬೂಸ್ಟರ್ ಇಲ್ಲದೆ ಪೆಡಲ್ ಮೇಲೆ ನಿಂತುಕೊಳ್ಳಬೇಕಾಗುತ್ತದೆ. ಜಗಳ ಆಡಿ ಅರ್ಧ ದಿನ ಹಾಳು ಮಾಡಿಕೊಂಡ ಮೇಲೆ ಕ್ರೆಡಿಟ್ ನೋಟ್ ಕೊಟ್ಟರು, ದುಡ್ಡು ಕೊಡಲಿಲ್ಲ. ಆ ನೋಟ್ ಮೇಲೆ ಈಗ ವೈಪರ್ ಬ್ಲೇಡು, ಏರ್ ಫಿಲ್ಟರು ತರುತ್ತಾ ತೀರಿಸುತ್ತಿದ್ದೇನೆ.

ಮರುದಿನ ಹಳೆಯದನ್ನು ಗೋಣಿಚೀಲಕ್ಕೆ ಹಾಕಿಕೊಂಡು ಪಿಂಪ್ರಿಯಿಂದ ಮೆಟ್ರೋ ಹತ್ತಿದೆ. ಸೆಕ್ಯುರಿಟಿ ಸ್ಕ್ಯಾನರ್ ಪರದೆ ಮೇಲೆ ತಾಮ್ರದ ಸುತ್ತು ನೋಡಿ ಆ ಹುಡುಗಿ ಗಾಬರಿಯಾಗಿ "ಕಾಯ್ ಆಹೇ ಹೇ?" (ಏನಿದು?) ಅಂದಳು. "ಗಾಡೀಚಾ ಡೈನಮೋ" ಅಂದೆ. ಚೀಲ ಬಿಚ್ಚಿಸಿ, ಬೆರಳಿಗೆ ಎಣ್ಣೆ ಹತ್ತಿಸಿಕೊಂಡು, ಹೋಗಿ ಅಂತ ಕೈ ಮಾಡಿದಳು. ಕಸಬಾ ಪೇಠದಲ್ಲಿ ಇಳಿದು ರಿಕ್ಷಾದಲ್ಲಿ ನಾನಾ ಪೇಠ. ಪುಣೆಯಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಈ ಪೇಠೆ ಗೊತ್ತಿಲ್ಲದೆ ಇರುವುದಿಲ್ಲ. ಗಲ್ಲಿ ತುಂಬ ಸ್ಪೇರ್ಸ್ ಅಂಗಡಿ.

ಅಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ, ವಿಜಯಪುರದ ಕಡೆಯವನು. ನಾನು ಫೋನಿನಲ್ಲಿ ಮಗಳ ಜೊತೆ ಕನ್ನಡ ಮಾತಾಡಿದ್ದು ಕೇಳಿ "ಯಾವೂರ್ರಿ ಕಾಕಾರ?" ಅಂದ. ಅಲ್ಲಿಂದ ಕೆಲಸ ಸಲೀಸಾಯಿತು. ಹಳೆಯದನ್ನು ಬಿಚ್ಚಿದ. ಸ್ಟೇಟರ್, ಅಂದರೆ ತಿರುಗದೆ ನಿಲ್ಲುವ ಭಾಗದ ತಾಮ್ರದ ಸುತ್ತು, ಕರ್ರಗೆ ಸುಟ್ಟಿತ್ತು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಶ್ ಮೇಲೆ ಆಯಿಲ್ ಮೆತ್ತಿಕೊಂಡು ಗ್ರೀಸಿನಂತಾಗಿತ್ತು. ಪಂಪ್ ಕಡೆಯ ಸೀಲ್ ಸೋರಿ ಆಯಿಲ್ ಒಳಗೆ ಬಂದಿದೆ ಅಂದ. ಪಂಪ್ ಇರುವ ಡೈನಮೋಗಳ ಮಾಮೂಲಿ ರೋಗವಂತೆ ಇದು. ಬ್ರಶ್ ಉಜ್ಜುವ ಸ್ಲಿಪ್ ರಿಂಗ್ ಮೇಲೆ ಮೀಟರ್ ಇಟ್ಟಾಗ ಸುಮಾರು 3 ಓಮ್ ತೋರಿಸಿತು, ಅಂದರೆ ತಿರುಗುವ ಭಾಗವಾದ ರೋಟರ್ ಬದುಕಿತ್ತು. ರಿವೈಂಡ್ ಮಾಡಿಸಬಹುದಿತ್ತು. ಆದರೆ ಸುತ್ತು, ಬೇರಿಂಗ್, ರೆಗ್ಯುಲೇಟರ್, ಸೀಲ್, ಪಂಪಿನ ವೇನ್ ಎಲ್ಲ ಸೇರಿದರೆ ರೀಕಂಡೀಶನ್ ಮಾಡಿದ್ದಕ್ಕೂ ಇದಕ್ಕೂ ಫರಕು ಉಳಿಯುತ್ತಿರಲಿಲ್ಲ.

"ಎಷ್ಟು ಆಂಪಿಯರ್ ಹಾಕಿಸಲಿ?" ಅಂತ ಕೇಳಿದೆ.

"ಆಂಪಿಯರ್ ಆಮ್ಯಾಲ ಕೇಳ್ರಿ ಕಾಕಾರ. ಮೊದ್ಲ ಕೂಡ್ತದೋ ಇಲ್ಲೋ ನೋಡೂಣು."

ಟೂಲ್‌ರೂಮ್‌ನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಆ ಮಾತು ನಾನೇ ಹೇಳಬೇಕಿತ್ತು. ಜೇಬಿನಿಂದ ಅಳತೆಯ ವರ್ನಿಯರ್ ತೆಗೆದೆ. ಅವನು ಎರಡು ರೀಕಂಡೀಶನ್ ಪೀಸ್ ತಂದಿಟ್ಟ. ಎರಡಕ್ಕೂ ಪಂಪ್ ಇತ್ತು.

ಒಂದರ ಪಟ್ಟಿ ಮೇಲಿನ ಧೂಳು ಒರೆಸಿದರೆ 24 ವೋಲ್ಟ್. ದೊಡ್ಡ ಲಾರಿ, ಬಸ್ಸಿನದು. ಮೈಕಟ್ಟು ನಮ್ಮದರಂತೆಯೇ. ಅದನ್ನು ಹಾಕಿದ್ದರೆ 28 ವೋಲ್ಟ್ ಬಂದು ಬಲ್ಬುಗಳೆಲ್ಲ ಹೋಗಿ, ಬ್ಯಾಟರಿ ಕುದಿಯುತ್ತಿತ್ತು. ಅವನೇ ನಾಲಿಗೆ ಕಚ್ಚಿಕೊಂಡು ಒಳಗಿಟ್ಟ.

ಇನ್ನೊಂದು 12 ವೋಲ್ಟಿನದು. ಬೋಲ್ಟ್ ಹಾಕುವ ಕೆಳಗಿನ ಎರಡು ಕಿವಿಗಳ ಹೊರಮುಖದಿಂದ ಹೊರಮುಖದ ಅಳತೆ ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಕಡಿಮೆ. ಅಷ್ಟನ್ನು ವಾಶರ್ ತುಂಬಿಸಿಕೊಡುತ್ತದೆ. ಜಾಸ್ತಿ ಇದ್ದಿದ್ದರೆ ಬ್ರಾಕೆಟ್ ಒಳಗೆ ಕೂರುತ್ತಲೇ ಇರಲಿಲ್ಲ. ಬೋಲ್ಟ್ ತೂತು ಎರಡರಲ್ಲೂ 10 ಮಿಲಿಮೀಟರ್. ಮೇಲಿನ ಟೆನ್ಶನ್ ಪಟ್ಟಿಯ ಕಿವಿ ಅದೇ ಜಾಗದಲ್ಲಿ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಕಿವಿಯ ಮುಖದಿಂದ ಪುಲ್ಲಿಯಲ್ಲಿ, ಅಂದರೆ ಬೆಲ್ಟಿನ ಗಾಲಿಯಲ್ಲಿ, ಬೆಲ್ಟ್ ಕೂರುವ ಸಂದಿನ ನಡುವಿನವರೆಗೆ ಇರುವ ದೂರ. ಅದು ತಪ್ಪಿದರೆ ಬೆಲ್ಟ್ ಓರೆಯಾಗಿ ಓಡುತ್ತದೆ, ತಿಂಗಳೊಳಗೆ ಅಂಚು ಎಳೆ ಬಿಡುತ್ತದೆ.

ಪುಲ್ಲಿ ದೊಡ್ಡದಿತ್ತು. ಹಳೆಯದು 74 ಮಿಲಿಮೀಟರ್, ಇದು 86. "ನಡೀತೈತಿ" ಅಂದ. ನಾನು ಒಪ್ಪಲಿಲ್ಲ. ಅಲ್ಲೇ ರಟ್ಟಿನ ಡಬ್ಬಿ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬೆಲ್ಟ್ ಎಳೆಯುವ ಎಂಜಿನ್ ಕಡೆಯ ನಮ್ಮ ಕ್ರ್ಯಾಂಕ್ ಪುಲ್ಲಿ 150 ಮಿಲಿಮೀಟರ್. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗಿದರೆ, ಚಿಕ್ಕ ಪುಲ್ಲಿಯಲ್ಲಿ ಡೈನಮೋ ಸುಮಾರು 1,620 ಸುತ್ತು ತಿರುಗುತ್ತದೆ. ದೊಡ್ಡದರಲ್ಲಿ 1,400 ಕೂಡ ಮುಟ್ಟುವುದಿಲ್ಲ. ಆಲ್ಟರ್ನೇಟರ್ ಮೇಲೆ ಬರೆದ ಆಂಪಿಯರ್ ಜೋರಾಗಿ ತಿರುಗುವಾಗಿನದು, ಐಡ್ಲಿಂಗ್‌ನಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ನಾಶಿಕ್ ಫಾಟಾ ಸಿಗ್ನಲ್‌ನಲ್ಲಿ ಮಳೆ, ವೈಪರ್, ಲೈಟು, ಎಸಿ ಎಲ್ಲ ಹಾಕಿಕೊಂಡು ನಿಲ್ಲುವ ನಮಗೆ ಬೇಕಾದದ್ದೇ ಆ ಐಡ್ಲಿಂಗ್ ಕರೆಂಟು. ಅವನು ರಟ್ಟು ನೋಡಿ ನಕ್ಕು, ಹಳೇ ಪುಲ್ಲಿಯನ್ನು ಬಿಚ್ಚಿ ಇದಕ್ಕೆ ಹಾಕಿಕೊಟ್ಟ. ಶಾಫ್ಟಿನ ದಪ್ಪ ಎರಡರದೂ ಒಂದೇ ಇತ್ತು, ಅದೃಷ್ಟ.

ಆಮೇಲೆ ಬಂತು ಆಂಪಿಯರ್. ಎರಡು ಹೆಡ್‌ಲೈಟ್ ಸೇರಿ 115 ವ್ಯಾಟ್ ಹತ್ತಿರ, ಸುಮಾರು 9 ಆಂಪಿಯರ್. ಬ್ಲೋವರ್ 15, ಎಸಿ ಕ್ಲಚ್ 4, ವೈಪರ್ 5, ಉಳಿದ ಚಿಲ್ಲರೆ ಒಂದೈದು. ಖಾಲಿಯಾದ ಬ್ಯಾಟರಿ ತುಂಬಿಸಲು ಹತ್ತು. 50ರ ಆಸುಪಾಸು. ಈ ಪೀಸ್ 65ರದು, ಓಡುವಾಗ ಸಾಕು; ಐಡ್ಲಿಂಗ್‌ನಲ್ಲಿ ಕಡಿಮೆ ಬಿದ್ದದ್ದನ್ನು ಸ್ವಲ್ಪ ಹೊತ್ತು ಬ್ಯಾಟರಿ ತುಂಬಿಸಿಕೊಡುತ್ತದೆ. ಇನ್ನೂ ದೊಡ್ಡದು ಹಾಕಿಸುವವರಿದ್ದಾರೆ. ಹಾಕಿಸಲಿ, ಆದರೆ ಬ್ಯಾಟರಿಗೆ ಹೋಗುವ ದಪ್ಪ ವೈರನ್ನೂ ಬದಲಿಸಬೇಕು. ಇಷ್ಟು ಹಳೇ ವೈರಿನ ಮೇಲೆ ಜಾಸ್ತಿ ಕರೆಂಟು ಬಿಟ್ಟರೆ ಮುಂದಿನ ಸಲ ಸುಡುವುದು ವಾರ್ನಿಶ್ ಒಂದೇ ಅಲ್ಲ.

ಹಿಂದಿನ ಟರ್ಮಿನಲ್‌ಗಳು ಹೊಂದಿದವು. ಬಿ ಪ್ಲಸ್ ಬ್ಯಾಟರಿಗೆ, ಡಿ ಪ್ಲಸ್ ಡ್ಯಾಶ್‌ಬೋರ್ಡ್ ದೀಪಕ್ಕೆ. ಆ ದೀಪದ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ಡೈನಮೋ ಎಚ್ಚರವಾಗುವುದು. ಬಲ್ಬು ಹೋದರೆ ಎಷ್ಟೋ ಡೈನಮೋಗಳು ಜೋರಾಗಿ ರೇಸ್ ಮಾಡುವವರೆಗೆ ಚಾರ್ಜ್ ಮಾಡುವುದೇ ಇಲ್ಲ. ಡಬ್ಲ್ಯೂ ಅಂತ ಒಂದು ಇದ್ದರೆ ಅದು ಆರ್‌ಪಿಎಂ ಮೀಟರಿಗೆ. ನಮ್ಮ ಗಾಡಿಯಲ್ಲಿ ಆ ಮೀಟರೇ ಇಲ್ಲ.

ಡೊಂಬಿವಲಿಯಲ್ಲಿರುವ ನನ್ನ ಷಡ್ಡಕ ಕುರ್ಲಾದಲ್ಲಿ ತಯಾರಾದ ಹಳೇ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ನಿಜವಾದ ಡೈನಮೋ, ಅಂದರೆ ನೇರವಾಗಿ ಡಿಸಿ ಕರೆಂಟು ಕೊಡುವ ಹಳೇ ಮಾದರಿಯದು, ಇತ್ತು. ಅವರು ಅದನ್ನು ತೆಗೆಸಿ ಆಲ್ಟರ್ನೇಟರ್ ಹಾಕಿಸಿದರು. ಬ್ಯಾಟರಿಯ ಕರೆಂಟು ಡೈನಮೋಗೆ ವಾಪಸ್ ಹರಿಯದಂತೆ ತಡೆಯುವ ಕಟೌಟ್ ಡಬ್ಬಿಯನ್ನೂ ವೈರಿಂಗ್‌ನಿಂದ ತೆಗೆಯಬೇಕಾಯಿತು. ಅದು ಬೇರೆಯೇ ಕಥೆ, ಅವರೇ ಬರೆಯಲಿ.

ಮನೆಯಲ್ಲಿ ಕೂರಿಸುವ ಕೆಲಸ ಒಂದು ಬೆಳಗ್ಗೆಯಲ್ಲಿ ಮುಗಿಯಿತು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿದೆ. ಪಂಪಿನ ಆಯಿಲ್ ತೂತಿಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿದೆ, ಒಣ ಪಂಪ್ ತಿರುಗಬಾರದು. ಪೈಪಿನ ಬೋಲ್ಟ್‌ಗೆ ಹೊಸ ತಾಮ್ರದ ವಾಶರ್ ಹಾಕಿದೆ. ತೊಂದರೆ ಕೊಟ್ಟದ್ದು ಆಯಿಲ್ ಇಳಿಯುವ ಹೋಸ್. ಈ ಪಂಪಿನ ಮೂತಿ ಸ್ವಲ್ಪ ಎಂಜಿನ್ ಕಡೆಗೆ ತಿರುಗಿತ್ತು, ಹಳೇ ಹೋಸ್ ಮಡಚಿಕೊಂಡಿತು. ಅಲ್ಲಿ ಮಡಚಿದರೆ ಆಯಿಲ್ ಪಂಪಿನಲ್ಲೇ ನಿಂತು ಸೀಲ್ ಮೇಲೆ ಒತ್ತುತ್ತದೆ, ಮತ್ತೆ ಅದೇ ರೋಗ. ಆಯಿಲ್‌ಗೆ ಅಂತಲೇ ಬರುವ ರಬ್ಬರ್ ಹೋಸ್ ಒಂದು ಗೇಣು ಉದ್ದ ಜಾಸ್ತಿ ತಂದು, ದೊಡ್ಡ ತಿರುವು ಕೊಟ್ಟು ಕ್ಲಿಪ್ ಬಿಗಿದೆ. ರೇಡಿಯೇಟರ್ ಹೋಸ್ ತುಂಡು ಇತ್ತು ಮನೆಯಲ್ಲಿ. ಹಾಕಲಿಲ್ಲ, ಬಿಸಿ ಆಯಿಲ್‌ಗೆ ಅದು ಉಬ್ಬಿ ಮೆತ್ತಗಾಗುತ್ತದೆ.

ಬೆಲ್ಟ್ ಬಿಗಿದು ನಡುವೆ ಹೆಬ್ಬೆರಳಿನಿಂದ ಒತ್ತಿದೆ, ಒಂದು ಸೆಂಟಿಮೀಟರ್ ತಗ್ಗಿತು. ಡ್ಯಾಶ್‌ಬೋರ್ಡಿಗೆ ಹೊಸ ಬಲ್ಬು. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿತು. ಎಷ್ಟು ವರ್ಷವಾಗಿತ್ತೋ ಅದನ್ನು ನೋಡಿ! ಸ್ಟಾರ್ಟ್ ಆದ ಕೂಡಲೇ ಆರಿತು. ಮೀಟರಿನಲ್ಲಿ 14.2. ಎಲ್ಲ ಲೈಟು, ಬ್ಲೋವರ್, ಎಸಿ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟರೆ 13.5. ಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟ್‌ಗೆ ತಿರುಗಿಸಿ ಅದೇ ಜಾಗದಲ್ಲಿ ಹಿಡಿದೆ, 0.1. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದಿದ್ದರೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಅಂತ ವಾಪಸ್ ಒಯ್ಯುತ್ತಿದ್ದೆ. ಎಂಜಿನ್ ಬಂದ್ ಮಾಡಿ ಬ್ರೇಕ್ ಒತ್ತಿ ಒತ್ತಿ ಗಟ್ಟಿ ಮಾಡಿದೆ. ಕಾಲು ಪೆಡಲ್ ಮೇಲೇ ಇಟ್ಟು ಸ್ಟಾರ್ಟ್ ಮಾಡಿದರೆ ಪೆಡಲ್ ಮೆತ್ತಗೆ ಕೆಳಗಿಳಿಯಿತು. ಪಂಪ್ ಎಳೆಯುತ್ತಿದೆ.

ಹೋದ ವಾರ ಮತ್ತೆ ಧಾರವಾಡಕ್ಕೆ ಹೋಗಿ ಬಂದೆವು. ಶಿರವಳದ ಅದೇ ಧಾಬಾದಲ್ಲಿ ಚಹಾ ಕುಡಿಯುವಾಗ ಬಾನೆಟ್ ಎತ್ತಿ ಆ ಹೋಸ್ ಕೆಳಗೆ ಬೆರಳು ಆಡಿಸಿ ನೋಡಿದೆ. ಬೆರಳಿಗೆ ಬರೀ ಧೂಳು ಹತ್ತಿತು.