ಮಾತು ಸರಾಗ, ಚಿತ್ರ ಮಾತ್ರ ತಡವರಿಕೆ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಲ್ಯಾಪ್‌ಟಾಪ್ ತಂದಿಟ್ಟು, “ಮಳೆ ಹಿಡಿದ ಮೇಲೆ ನೆಟ್ ಪೂರ್ತಿ ಕೆಟ್ಟಿದೆ, ವಿಡಿಯೊ ನೋಡೋಕೇ ಆಗಲ್ಲ” ಎಂದರು. ಮರ ಬಿದ್ದು ಕೇಬಲ್ ತುಂಡಾಗುವುದು ನಮ್ಮ ಕಡೆ ಹೊಸದಲ್ಲವಾದ್ದರಿಂದ ನಾನೂ ಮೊದಲು ಹಾಗೆಯೇ ತಿಳಿದೆ. ಆದರೆ ಅಂಗಡಿಯ ನೆಟ್‌ಗೆ ಜೋಡಿಸಿ ಯೂಟ್ಯೂಬ್ ತೆರೆದಾಗಲೂ ಚಿತ್ರ ನಿಂತು ನಿಂತು ಮುಂದಕ್ಕೆ ಹಾರುತ್ತಿತ್ತು, ಮಾತು ಮಾತ್ರ ಎಲ್ಲಿಯೂ ಕಡಿಯದೆ ಕೇಳಿಸುತ್ತಿತ್ತು. ನೆಟ್ ನಿಧಾನವಾದರೆ ಮಾತು, ಚಿತ್ರ ಎರಡೂ ಒಟ್ಟಿಗೆ ನಿಂತು ಪರದೆಯ ಮೇಲೆ ಚಕ್ರ ತಿರುಗುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ.

ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ತಾಂತ್ರಿಕ ವಿವರ ತೋರಿಸುವ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದೆ. ಮುಂದಿನ 40 ಸೆಕೆಂಡಿನಷ್ಟು ವಿಡಿಯೊ ಆಗಲೇ ಬಂದು ಕುಳಿತಿತ್ತು, ಆದರೆ ‘ಡ್ರಾಪ್ಡ್ ಫ್ರೇಮ್ಸ್’, ಅಂದರೆ ತೋರಿಸದೆ ಬಿಟ್ಟುಹೋದ ಚಿತ್ರಗಳ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಮುಖ್ಯ ಪ್ರೊಸೆಸರ್ ಆದ ಸಿಪಿಯು ಶೇ 100ರ ಹತ್ತಿರ ನಿಂತಿದ್ದರೆ, ಗ್ರಾಫಿಕ್ಸ್ ಚಿಪ್ ಆದ ಜಿಪಿಯುವಿನ ‘ವಿಡಿಯೊ ಡಿಕೋಡ್’, ಅಂದರೆ ಕುಗ್ಗಿಸಿದ ವಿಡಿಯೊವನ್ನು ಬಿಡಿಸುವ ಕೆಲಸ, ಸೊನ್ನೆಯಲ್ಲಿತ್ತು. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನೆಲ್ಲ ಸಿಪಿಯು ಒಂದೇ ಹೊತ್ತುಕೊಂಡಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು.

ತೊಂದರೆ ಯಾವಾಗ ಶುರುವಾಯಿತೆಂದು ವಿಚಾರಿಸಿದಾಗ, ಬ್ರೌಸರ್ ಅಪ್‌ಡೇಟ್ ಆದ ಮಾರನೆಯ ದಿನದಿಂದ ಎಂದು ತಿಳಿಯಿತು. ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳು ಕಾರಣವಿರಬಹುದೇ ಎನಿಸಿತು. ಆದರೆ ಅವು ಸಾಮಾನ್ಯವಾಗಿ ಕೆಲಸ ಮಾಡದ ಇನ್‌ಕಾಗ್ನಿಟೊ ಕಿಟಕಿಯಲ್ಲೂ ಚಿತ್ರ ಹಾಗೆಯೇ ತಡವರಿಸಿದ್ದರಿಂದ ಆ ಅನುಮಾನ ಬಿಟ್ಟೆ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ, ಇಂಥ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಹಾರ್ಡ್‌ವೇರ್ ಆಕ್ಸಲರೇಶನ್ ಆನ್ ಆಗಿಯೇ ಇತ್ತು. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಆದರೆ ಆ ಗುಂಡಿ ಆನ್ ಇದ್ದ ಮಾತ್ರಕ್ಕೆ ಅದು ನಿಜವಾಗಿ ನಡೆಯುತ್ತಿದೆ ಎಂದರ್ಥವಲ್ಲ. ಬ್ರೌಸರ್ ತನ್ನ ಗ್ರಾಫಿಕ್ಸ್ ಸ್ಥಿತಿಯನ್ನು ತೋರಿಸುವ ಒಳಪುಟದಲ್ಲಿ ‘ವಿಡಿಯೊ ಡಿಕೋಡ್’ ಮುಂದೆ ‘ಸಾಫ್ಟ್‌ವೇರ್ ಓನ್ಲಿ’ ಎಂದಿತ್ತು, ಅಂದರೆ ಆ ಕೆಲಸ ಸಿಪಿಯುವಿನ ಮೇಲೆಯೇ ಬಿದ್ದಿತ್ತು. ತೊಂದರೆ ಕೊಡುವ ಹಳೆಯ ಗ್ರಾಫಿಕ್ಸ್ ಡ್ರೈವರ್‌ಗಳ (ಚಿಪ್ಪನ್ನು ನಡೆಸುವ ತಂತ್ರಾಂಶಗಳ) ಪಟ್ಟಿಯೊಂದು ಬ್ರೌಸರ್‌ಗಳಲ್ಲಿರುತ್ತದೆ. ಕೊಂಡ ದಿನದಿಂದ ಬದಲಾಗದಿದ್ದ ಈ ಡ್ರೈವರ್, ಅಪ್‌ಡೇಟ್ ಜೊತೆಗೆ ಆ ಪಟ್ಟಿಗೆ ಸೇರಿಕೊಂಡಿತ್ತು. ಬಲವಂತವಾಗಿ ಪಟ್ಟಿಯನ್ನು ಮೀರುವ ದಾರಿಯೂ ಉಂಟು, ಆದರೆ ಬ್ರೌಸರ್ ಏಕಾಏಕಿ ಮುಚ್ಚಿಹೋಗುವ ಅಪಾಯವಿರುವುದರಿಂದ ಗಿರಾಕಿಗಳ ಯಂತ್ರದಲ್ಲಿ ನಾನು ಅದನ್ನು ಮಾಡುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಆ ಸಾಲು ‘ಹಾರ್ಡ್‌ವೇರ್ ಆಕ್ಸಲರೇಟೆಡ್’ ಎಂದಾಯಿತು.

ಆದರೂ ಕೆಲವು ವಿಡಿಯೊಗಳು ಮಾತ್ರ ತಡವರಿಸುತ್ತಲೇ ಇದ್ದವು. ‘ಸ್ಟ್ಯಾಟ್ಸ್’ನಲ್ಲಿ ಅವುಗಳ ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಸಾಲಿನಲ್ಲಿ ‘ಎವಿ01’ ಎಂದಿತ್ತು, ಅಂದರೆ ಎವಿ1. ಆ ಲ್ಯಾಪ್‌ಟಾಪ್‌ನ ಏಳನೆಯ ತಲೆಮಾರಿನ ಇಂಟೆಲ್ ಚಿಪ್ ಎಚ್.264 ಮತ್ತು ವಿಪಿ9 ಎಂಬ ಕೋಡೆಕ್‌ಗಳನ್ನು ಸ್ವತಃ ಬಿಡಿಸಬಲ್ಲದು, ಎವಿ1ಅನ್ನು ಬಿಡಿಸಲಾರದು. ಯೂಟ್ಯೂಬ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಎವಿ1ಅನ್ನು ಕಡಿಮೆ ಗುಣಮಟ್ಟದ ವಿಡಿಯೊಗಳಿಗೆ ಮಾತ್ರ ಆಯ್ದುಕೊಂಡೆ. ಅದೇ ವಿಡಿಯೊ 1080ಪಿಯಲ್ಲಿ ಹತ್ತು ನಿಮಿಷ ಓಡಿತು. ಫ್ಯಾನಿನ ಸದ್ದು ಇಳಿಯಿತು, ಡ್ರಾಪ್ಡ್ ಫ್ರೇಮ್ಸ್ ಸಂಖ್ಯೆ ಕದಲಲಿಲ್ಲ. ಮಾತು, ಚಿತ್ರ ಎರಡೂ ಒಟ್ಟಿಗೆ ನಿಂತರೆ ಮಾತ್ರ ಕೇಬಲ್‌ನವರಿಗೆ ಫೋನ್ ಮಾಡಿ ಎಂದು ಹೇಳಿ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಟ್ಟೆ.